ಆಫೀಸಿನ ಒತ್ತಡಕ್ಕೆ ಆನ್‌ಲೈನ್ ಥೆರಪಿಸ್ಟ್ ಹುಡುಕುವುದು ಹೇಗೆ? ಮೈಸೂರು, ಮಂಡ್ಯದವರಿಗೆ ಒಂದು ಮಾರ್ಗದರ್ಶಿ

“ಮ್ಯಾನೇಜರ್ ಕಾಟಕ್ಕೆ ರಾತ್ರಿ ನಿದ್ದೆ ಬರುತ್ತಿಲ್ಲ. ಆನ್‌ಲೈನ್‌ನಲ್ಲಿ ಕನ್ನಡ ಮಾತಾಡುವ ಒಳ್ಳೆ ಥೆರಪಿಸ್ಟ್ ಇದ್ದರೆ ಹೇಳಿ.” ಈ ಪ್ರಶ್ನೆ ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಮೈಸೂರಿನ ಹೆಬ್ಬಾಳದ ಐಟಿ ಹುಡುಗರು ಕೇಳುತ್ತಾರೆ. ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರು ಕೇಳುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಬ್ಯಾಂಕಿನವರು, ಖಾಸಗಿ ಶಾಲೆಯ ಮೇಷ್ಟ್ರು, ಮೇಡಂ ಎಲ್ಲರೂ ಕೇಳುತ್ತಾರೆ.

ಇಲ್ಲಿ ನಾನು ಯಾರ ಹೆಸರನ್ನೂ ಕೊಡುವುದಿಲ್ಲ. ಒಬ್ಬರಿಗೆ ಹೊಂದಿದವರು ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಹುಡುಕುವ ದಾರಿ, ಕೇಳಬೇಕಾದ ಪ್ರಶ್ನೆ, ಮೋಸ ಹೋಗುವ ಜಾಗ, ಇಷ್ಟು ಹೇಳುತ್ತೇನೆ.

ಆನ್‌ಲೈನೇ ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದಲ್ಲಿ ಮನೋವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಬೆಳಿಗ್ಗೆ ಕೂತರೆ ಸಂಜೆಯೊಳಗೆ ಸೋದರಮಾವನಿಗೆ ಗೊತ್ತಾಗಿರುತ್ತದೆ. ಮೈಸೂರು ದೊಡ್ಡ ಊರು ಅಂತೀವಿ, ಆದರೆ ಅಲ್ಲೂ ಕಥೆ ಅದೇ. ಇನ್ನೊಂದು, ಸಮಯ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರಿಗೆ ಕ್ಲಿನಿಕ್ ತೆರೆದಿರುವ ಹೊತ್ತಿನಲ್ಲಿ ಊರಲ್ಲಿ ಇರುವುದಕ್ಕೇ ಆಗುವುದಿಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಸಾಯಬೇಕು ಅನ್ನಿಸುತ್ತಿದ್ದರೆ, ಕೈ ಕುಯ್ದುಕೊಳ್ಳುವ ಯೋಚನೆ ಬರುತ್ತಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಈಗಲೇ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಪ್ರಾಣಕ್ಕೆ ಕುತ್ತು ಬಂದಿದ್ದರೆ 112. ಮನೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಹಂತ 1: ತೊಂದರೆಯನ್ನು ಎರಡು ಭಾಗ ಮಾಡಿ ಬರೆಯಿರಿ

ಥೆರಪಿಸ್ಟ್ ಹುಡುಕುವುದಕ್ಕೆ ಮೊದಲು ಒಂದು ಹಾಳೆ ತಗೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೆಲಸದ ಜಾಗದಲ್ಲಿ ಏನಾಗುತ್ತಿದೆ ಅಂತ ಬರೆಯಿರಿ. ಎಲ್ಲರೆದುರು ಬೈಯುವುದು, ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿ ಕೆಲಸ ಹೇಳುವುದು, ಸಂಬಳ ತಡ, ರಜೆ ಕೇಳಿದರೆ ಕುಹಕ, ಹೀಗೆ. ಬಲಕ್ಕೆ ಅದರಿಂದ ನಿಮಗೆ ಏನಾಗುತ್ತಿದೆ ಅಂತ ಬರೆಯಿರಿ. ಭಾನುವಾರ ಸಂಜೆಯಿಂದಲೇ ಹೊಟ್ಟೆ ತೊಳಸುವುದು, ಫೋನ್ ಸದ್ದಾದರೆ ಎದೆ ಧಸಕ್ ಅನ್ನುವುದು, ಮಕ್ಕಳ ಮೇಲೆ ರೇಗುವುದು, ಊಟ ಸೇರದಿರುವುದು, ಕುಡಿತ ಜಾಸ್ತಿಯಾಗಿರುವುದು.

ಥೆರಪಿಸ್ಟ್ ಕೆಲಸ ಮಾಡುವುದು ಬಲಗಡೆಯ ಪಟ್ಟಿಯ ಮೇಲೆ. ಎಡಗಡೆಯದನ್ನು ಅವರು ನೇರವಾಗಿ ಬದಲಿಸಲಾರರು. ಅವರು ನಿಮ್ಮ ಮ್ಯಾನೇಜರ್‌ಗೆ ಫೋನ್ ಮಾಡುವುದಿಲ್ಲ, ಎಚ್‌ಆರ್‌ಗೆ ಪತ್ರ ಬರೆದು ನ್ಯಾಯ ಕೊಡಿಸುವುದಿಲ್ಲ. “ನಾಲ್ಕು ವಾರ ದುಡ್ಡು ಸುರಿದೆ, ಆಫೀಸು ಹಾಗೇ ಇದೆ” ಅಂತ ಬೇಸರ ಮಾಡಿಕೊಳ್ಳುವವರು ಬಹಳ. ಆ ಬೇಸರ ಹುಟ್ಟುವುದು ಈ ಎರಡು ಪಟ್ಟಿ ಬೆರೆತಾಗ. ಆದರೆ ಎಡಗಡೆಯದನ್ನು ಎದುರಿಸುವ ಶಕ್ತಿ ಥೆರಪಿಯಿಂದ ಬರಬಹುದು. ಆಗಲ್ಲ ಅಂತ ಹೇಳುವುದು ಹೇಗೆ, ಮೇಲಿನವರ ಹತ್ತಿರ ಮಾತಾಡುವ ಮೊದಲು ತಯಾರಾಗುವುದು ಹೇಗೆ, ಕೆಲಸ ಬಿಡುವುದೋ ಇರುವುದೋ ಅಂತ ಸಿಟ್ಟಿನಲ್ಲಲ್ಲದೆ ಯೋಚಿಸಿ ತೀರ್ಮಾನಿಸುವುದು ಹೇಗೆ, ಇವೆಲ್ಲ ಅಲ್ಲಿ ನಡೆಯುವ ಕೆಲಸವೇ.

ಎಡಗಡೆಯ ಪಟ್ಟಿಗೆ ಬೇರೆ ಬಾಗಿಲುಗಳಿವೆ. ಕೆಲವಕ್ಕೆ ಗಡುವೂ ಇದೆ. ಅದಕ್ಕೇ ಇದನ್ನು ಮೊದಲ ಹಂತದಲ್ಲೇ ಹೇಳುತ್ತಿದ್ದೇನೆ.

ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗುತ್ತಿದ್ದರೆ 2013ರ ಕಾಯ್ದೆ ಇದೆ. ಪಾಶ್ ಅಂತ ಕರೆಯುವುದು ಇದನ್ನೇ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಇಲ್ಲವೇ ದೂರು ಮಾಲೀಕನ ಮೇಲೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ ನಡೆಯುವಾಗ ಬೇರೆ ಕಡೆಗೆ ವರ್ಗ ಕೇಳಬಹುದು, ಮೂರು ತಿಂಗಳವರೆಗೆ ರಜೆಯನ್ನೂ ಕೇಳಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪರಿಹಾರದ ಮೊತ್ತ ಲೆಕ್ಕ ಹಾಕುವಾಗ ಮಾನಸಿಕ ನೋವನ್ನೂ ಮನೋವೈದ್ಯಕೀಯ ಚಿಕಿತ್ಸೆಯ ಖರ್ಚನ್ನೂ ನೋಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಡಾಕ್ಟರ್ ಚೀಟಿ, ಥೆರಪಿಯ ರಸೀದಿ ಎತ್ತಿಡಿ. “ಈಗ ಮನಸ್ಸು ಸರಿ ಇಲ್ಲ, ಥೆರಪಿ ಮುಗಿಸಿ ಆಮೇಲೆ ದೂರು ಕೊಡ್ತೀನಿ” ಅಂತ ಕೂತರೆ ಗಡುವು ಮುಗಿದುಹೋಗುತ್ತದೆ. ಎರಡೂ ಒಟ್ಟಿಗೇ ನಡೆಯಲಿ.

ಜಾತಿ ಹಿಡಿದು ನಿಂದಿಸಿದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸಂಬಳ, ಓವರ್‌ಟೈಮ್ ಬಾಕಿ ಇದ್ದರೆ ಕಾರ್ಮಿಕ ಇಲಾಖೆ. ವಕೀಲರ ಫೀಸಿಗೆ ಹೆದರಿಕೊಂಡಿದ್ದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಹಂತ 2: ಯಾರು ಯಾರು ಅಂತ ತಿಳಿದುಕೊಳ್ಳಿ

ಆನ್‌ಲೈನ್‌ನಲ್ಲಿ ಹುಡುಕಿದರೆ ಎಲ್ಲರೂ “ಮೈಂಡ್ ಎಕ್ಸ್‌ಪರ್ಟ್” ಆಗಿರುತ್ತಾರೆ. ಥೆರಪಿಸ್ಟ್ ಅನ್ನುವ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು ಅನ್ನುವ ಸ್ಥಿತಿ ನಮ್ಮಲ್ಲಿದೆ. ಅದಕ್ಕೇ ಹೆಸರಿನ ಮುಂದಿನ ಬಿರುದು ಬಿಡಿ, ಓದು ನೋಡಿ.

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಎಂಬಿಬಿಎಸ್ ಮುಗಿಸಿ ಅದರ ಮೇಲೆ ಸೈಕಿಯಾಟ್ರಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಓದಿದವರು. ಮಾತ್ರೆ ಬರೆಯುವ ಅಧಿಕಾರ ಇರುವುದು ಇವರಿಗೆ. ರಜೆಗೆ ವೈದ್ಯಕೀಯ ಪ್ರಮಾಣಪತ್ರ ಬೇಕಾದರೂ ಇವರಂಥ ಡಾಕ್ಟರೇ ಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ. ಮನಸ್ಸಿನ ತೊಂದರೆಯನ್ನು ಪರೀಕ್ಷೆ ಮಾಡಿ ಗುರುತಿಸುವುದು, ಮಾತಿನ ಮೂಲಕ ಚಿಕಿತ್ಸೆ ಕೊಡುವುದು ಇವರ ಕೆಲಸ. ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಆದ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಇರುವ ಎರಡು ವರ್ಷದ ಎಂ.ಫಿಲ್ ಮಾಡಿರುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಇದನ್ನು ಎಲ್ಲರೂ ಆರ್‌ಸಿಐ ಅಂತಲೇ ಕರೆಯುತ್ತಾರೆ.

ಕೌನ್ಸೆಲರ್ ಅಂದರೆ ಆಪ್ತಸಮಾಲೋಚಕರು. ಇಲ್ಲೇ ಗೊಂದಲ ಜಾಸ್ತಿ. ಎಂ.ಎಸ್ಸಿ. ಸೈಕಾಲಜಿ ಓದಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದ ಒಳ್ಳೆಯ ಕೌನ್ಸೆಲರ್‌ಗಳಿದ್ದಾರೆ. ಎರಡು ದಿನದ ಸರ್ಟಿಫಿಕೇಟ್ ಕೋರ್ಸ್ ಮಾಡಿ ಅದೇ ಬೋರ್ಡ್ ಹಾಕಿದವರೂ ಇದ್ದಾರೆ. ಕೆಲಸದ ಒತ್ತಡ, ಸಹೋದ್ಯೋಗಿಗಳ ಜೊತೆ ಜಗಳ, ಕೆಲಸ ಬದಲಿಸುವ ಗೊಂದಲ, ಇವಕ್ಕೆ ಒಳ್ಳೆಯ ಕೌನ್ಸೆಲರ್ ಸಾಕು. ಆದರೆ ಓದು ಕೇಳಿ ತಿಳಿದುಕೊಳ್ಳುವುದು ನಿಮ್ಮ ಜವಾಬ್ದಾರಿ.

ಲೈಫ್ ಕೋಚ್, ಹೀಲರ್, ಎನರ್ಜಿ ಮಾಸ್ಟರ್ ಇತ್ಯಾದಿ: ಇವು ಯಾವುವೂ ಚಿಕಿತ್ಸೆಯ ಅರ್ಹತೆ ಅಲ್ಲ. ಮೊಬೈಲಿನ ಚಾಟ್‌ಬಾಟ್ ಕೂಡ ಅಷ್ಟೆ. ಮಧ್ಯರಾತ್ರಿ ಮನಸ್ಸಿನಲ್ಲಿದ್ದದ್ದನ್ನು ಬರೆದು ಹಗುರಾಗುವುದಕ್ಕೆ ಆಗಬಹುದೇನೋ. ನಿಮಗೆ ಹೆಚ್ಚು ಕಮ್ಮಿ ಆದರೆ ಉತ್ತರ ಕೊಡುವವರು ಅಲ್ಲಿ ಯಾರೂ ಇರುವುದಿಲ್ಲ.

ಯಾರ ಹತ್ತಿರ ಹೋಗಬೇಕು? ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಮನಸ್ಸು ಕುಗ್ಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ, ಊಟ ಕೆಟ್ಟಿದೆ, ಕೆಲಸಕ್ಕೆ ಹೋಗುವುದೇ ಕಷ್ಟ ಅನ್ನಿಸಿದರೆ ಮೊದಲು ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋ ನೋಡಿ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಇದ್ದರೆ ಮಾಮೂಲಿ ಡಾಕ್ಟರ್ ಹತ್ತಿರ ಬಿಪಿ, ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ಎಲ್ಲವೂ ಟೆನ್ಶನ್ನಿಂದಲೇ ಅಂತ ನೀವೇ ತೀರ್ಮಾನ ಮಾಡಬೇಡಿ.

ಹಂತ 3: ಈ ಕಡೆಗಳಲ್ಲಿ ಹುಡುಕಿ

ಮೊದಲು 14416. ಇದು ಆತ್ಮಹತ್ಯೆಯ ಯೋಚನೆ ಇರುವವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಕೆಲಸದ ಒತ್ತಡಕ್ಕೂ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ ಶುರುವಾದ ಸೇವೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ತಜ್ಞರ ಕಡೆಗೆ ದಾಟಿಸುತ್ತಾರೆ. 2024ರಲ್ಲಿ ಇದರ ಆ್ಯಪ್ ಬಂತು, ವಿಡಿಯೋದಲ್ಲಿ ತಜ್ಞರ ಸಲಹೆ ಪಡೆಯುವ ಏರ್ಪಾಡೂ ಶುರುವಾಯಿತು. ದುಡ್ಡು ಖರ್ಚು ಮಾಡುವ ಮೊದಲು ಇಲ್ಲಿ ಒಮ್ಮೆ ಮಾತಾಡಿದರೆ ಕೌನ್ಸೆಲರ್ ಸಾಕೋ, ಮನೋವೈದ್ಯರು ಬೇಕೋ ಅನ್ನುವ ಅಂದಾಜು ಸಿಗುತ್ತದೆ. ಆದರೆ ಸಹಾಯವಾಣಿಯಲ್ಲಿ ಪ್ರತಿ ವಾರ ಅದೇ ವ್ಯಕ್ತಿ ಸಿಗುತ್ತಾರೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಎರಡನೆಯದು, ನಿಮ್ಮ ಕಂಪನಿಯ ಇಎಪಿ. ನೌಕರರ ಸಹಾಯ ಯೋಜನೆ ಅಂತ ಅರ್ಥ. ದೊಡ್ಡ ಕಂಪನಿಗಳು ಹೊರಗಿನ ಕೌನ್ಸೆಲಿಂಗ್ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ನೌಕರರಿಗೆ ಕೆಲವು ಸೆಷನ್ ಉಚಿತವಾಗಿ ಕೊಡುತ್ತವೆ. ಸೆಷನ್ ಅಂದರೆ ಒಂದು ಭೇಟಿ, ಸಾಮಾನ್ಯವಾಗಿ 45ರಿಂದ 60 ನಿಮಿಷ. ಎಷ್ಟೋ ಜನಕ್ಕೆ ತಮ್ಮ ಕಂಪನಿಯಲ್ಲಿ ಇದು ಇದೆ ಅಂತಲೇ ಗೊತ್ತಿರುವುದಿಲ್ಲ. ಸೇರುವಾಗ ಬಂದ ಮೇಲ್‌ಗಳನ್ನು ಕೆದಕಿ ನೋಡಿ. “ನಾನು ಹೋಗಿದ್ದು ಎಚ್‌ಆರ್‌ಗೆ ಗೊತ್ತಾಗುತ್ತಾ?” ಅನ್ನುವುದು ಎಲ್ಲರ ಭಯ. ಸರಿಯಾಗಿ ನಡೆಯುವ ಕಡೆ ಕಂಪನಿಗೆ ಹೋಗುವುದು ಎಷ್ಟು ಜನ ಬಳಸಿದರು ಅನ್ನುವ ಒಟ್ಟು ಲೆಕ್ಕ ಮಾತ್ರ, ಹೆಸರಲ್ಲ. ಆದರೂ ಮೊದಲ ಕರೆಯಲ್ಲೇ “ಎಚ್‌ಆರ್‌ಗೆ ಏನೇನು ಹೋಗುತ್ತದೆ?” ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ನಿಮ್ಮ ಜಗಳ ನೇರವಾಗಿ ಕಂಪನಿಯ ಮೇಲೇ ಇದ್ದರೆ, ಕೋರ್ಟಿಗೆ ಹೋಗುವ ಸಾಧ್ಯತೆ ಇದ್ದರೆ, ನನ್ನ ಸಲಹೆ ಹೊರಗಿನವರನ್ನೇ ನೋಡಿ ಅಂತ.

ಮೂರನೆಯದು ಊರಿನವರೇ, ಆದರೆ ಆನ್‌ಲೈನ್‌ನಲ್ಲಿ. ಮೈಸೂರಿನ ಆಸ್ಪತ್ರೆಗಳಲ್ಲಿ, ಖಾಸಗಿ ಕ್ಲಿನಿಕ್ಕುಗಳಲ್ಲಿ ಇರುವ ಮನೋವೈದ್ಯರು, ಸೈಕಾಲಜಿಸ್ಟ್‌ಗಳು ಎಷ್ಟೋ ಜನ ವಿಡಿಯೋ ಸೆಷನ್ ಮಾಡುತ್ತಾರೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಒಮ್ಮೆ ಎದುರಿಗೆ ನೋಡಿ, ಉಳಿದದ್ದು ಆನ್‌ಲೈನ್‌ನಲ್ಲಿ ಮುಂದುವರಿಸಬಹುದು. ಸಮಸ್ಯೆ ಜಾಸ್ತಿಯಾದರೆ ಅವತ್ತೇ ಹೋಗಿ ನೋಡಬಹುದು. ಪರಿಚಯದವರು ಸಿಗುತ್ತಾರೆ ಅನ್ನುವ ಭಯ ಇದ್ದರೆ ಮಂಡ್ಯದವರು ಮೈಸೂರಿನವರನ್ನು, ಮೈಸೂರಿನವರು ಬೆಂಗಳೂರಿನವರನ್ನು ನೋಡಬಹುದು.

ನಾಲ್ಕನೆಯದು ಆ್ಯಪ್‌ಗಳು. ಬೇಗ ಸಿಗುತ್ತವೆ, ರಾತ್ರಿ ಒಂಬತ್ತಕ್ಕೂ ಸಮಯ ಇರುತ್ತದೆ. ತೊಂದರೆ ಏನೆಂದರೆ, ಜಾಹೀರಾತು ಇರುವುದು ಆ್ಯಪ್‌ನದು, ಮಾತಾಡುವುದು ಮಾತ್ರ ವ್ಯಕ್ತಿಯ ಜೊತೆ. ಆ್ಯಪ್‌ಗೆ ಐದು ಸ್ಟಾರ್ ಇದೆ ಅಂತ ಸುಮ್ನೆ ದುಡ್ಡು ಕಟ್ಟಬೇಡಿ. ಯಾರು ಸಿಗುತ್ತಾರೆ, ಅವರ ಓದೇನು ಅಂತ ಮೊದಲೇ ತೋರಿಸದ ಆ್ಯಪ್ ನಿಮಗೆ ಬೇಡ.

ಸಂಬಳ ತಿಂಗಳಿಗೆ 21,000 ರೂಪಾಯಿಯ ಒಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ ಅದನ್ನು ಮರೆಯಬೇಡಿ. ನಿಮ್ಮ ಡಿಸ್ಪೆನ್ಸರಿಯಿಂದ ಮೈಸೂರಿನ ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಯ ಕಡೆಗೆ ಚೀಟಿ ಬರೆಸಿಕೊಳ್ಳಬಹುದು. ಇಎಸ್‌ಐ ಡಾಕ್ಟರ್ ರಜೆ ಬರೆದುಕೊಟ್ಟರೆ, ಅರ್ಹತೆ ಇರುವವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70ರಷ್ಟು ಸಿಗುತ್ತದೆ. ಆನ್‌ಲೈನ್ ಕೌನ್ಸೆಲರ್ ಕೊಡುವ ಪತ್ರಕ್ಕೆ ಈ ರಜೆ ಸಿಗುವುದಿಲ್ಲ.

ಹಂತ 4: ನೋಂದಣಿ ಪರೀಕ್ಷೆ ಮಾಡಿ

ಐದು ನಿಮಿಷದ ಕೆಲಸ. ಆದರೆ ಹೆಚ್ಚಿನವರು ಮಾಡುವುದೇ ಇಲ್ಲ.

ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ಬೇರೆ ರಾಜ್ಯದ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ ಕೊಟ್ಟ ಸಿಆರ್‌ಆರ್ ಸಂಖ್ಯೆ ಇರುತ್ತದೆ. ಸಿಆರ್‌ಆರ್ ಅಂದರೆ ಕೇಂದ್ರ ಪುನರ್ವಸತಿ ರಿಜಿಸ್ಟರ್. ಆರ್‌ಸಿಐನ ಸರ್ಕಾರಿ ಜಾಲತಾಣದಲ್ಲಿ ಹೆಸರು ಅಥವಾ ಸಂಖ್ಯೆ ಹಾಕಿ ಹುಡುಕಬಹುದು. ಹೆಸರು ಹೊಂದುತ್ತದಾ, ಅವಧಿ ಮುಗಿದಿಲ್ಲ ತಾನೇ ನೋಡಿ. ಆರ್‌ಸಿಐ ಅಡಿಯಲ್ಲಿ ವಿಶೇಷ ಶಿಕ್ಷಕರಂಥ ಬೇರೆ ವೃತ್ತಿಯವರೂ ಬರುತ್ತಾರೆ. ಹಾಗಾಗಿ ಸಂಖ್ಯೆ ಇದ್ದರೆ ಸಾಲದು, ಯಾವ ವಿಭಾಗ ಅನ್ನುವುದನ್ನೂ ನೋಡಬೇಕು.

ಕೌನ್ಸೆಲರ್‌ಗಳಿಗೆ ಹೀಗೆ ಒಂದೇ ಕಡೆ ನೋಡುವ ಅನುಕೂಲ ಇಲ್ಲ. ಯಾವ ವಿಶ್ವವಿದ್ಯಾಲಯ, ಯಾವ ವರ್ಷ, ಎಲ್ಲಿ ತರಬೇತಿ, ಈಗ ಯಾರ ಮೇಲ್ವಿಚಾರಣೆ ಅಂತ ನೇರವಾಗಿ ಕೇಳಿ. ಸರಿಯಾಗಿ ಓದಿದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಖ ಸಿಂಡರಿಸಿದರೆ ಅದೇ ನಿಮಗೆ ಉತ್ತರ.

ಗುಟ್ಟಿನ ವಿಷಯವೂ ಇಲ್ಲೇ ಬರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾನಸಿಕ ಆರೋಗ್ಯದ ಮಾಹಿತಿ ಗೋಪ್ಯವಾಗಿರಬೇಕು. ನಿಮ್ಮ ಅಥವಾ ಬೇರೆಯವರ ಪ್ರಾಣಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶದಂಥ ಸಂದರ್ಭದಲ್ಲಿ ವಿನಾಯಿತಿ ಇದೆ. ಶುರು ಮಾಡುವ ಮೊದಲು ಒಪ್ಪಿಗೆ ಪತ್ರ ಕೊಡುವುದು ಒಳ್ಳೆಯ ಪದ್ಧತಿ. ಯಾವುದು ಗುಟ್ಟಾಗಿ ಉಳಿಯುತ್ತದೆ, ಯಾವಾಗ ಹೇಳಬೇಕಾಗುತ್ತದೆ, ಸೆಷನ್ ರೆಕಾರ್ಡ್ ಆಗುತ್ತದಾ, ರದ್ದು ಮಾಡಿದರೆ ಫೀಸು ಏನು ಅಂತ ಅದರಲ್ಲಿ ಇರಬೇಕು. ಕೊಡದಿದ್ದರೆ ಕೇಳಿ ತಗೊಳ್ಳಿ. ಕೌನ್ಸೆಲರ್ ಆದರೆ ಇದು ಇನ್ನೂ ಮುಖ್ಯ.

ಹಂತ 5: ಇಬ್ಬರು ಮೂವರಿಗೆ ಮೆಸೇಜ್ ಮಾಡಿ, ಮೊದಲ ಕರೆಯಲ್ಲೇ ಕೇಳಿ

ಏನಂತ ಬರೆಯಬೇಕು ಅನ್ನುವುದೇ ಎಷ್ಟೋ ಜನಕ್ಕೆ ತೊಡಕು. ಇಷ್ಟು ಸಾಕು:

“ನಮಸ್ಕಾರ. ನಾನು ಮಂಡ್ಯದಲ್ಲಿರುತ್ತೇನೆ, ಖಾಸಗಿ ಕಂಪನಿಯಲ್ಲಿ ಕೆಲಸ. ಕೆಲವು ತಿಂಗಳಿಂದ ಕೆಲಸದ ಒತ್ತಡಕ್ಕೆ ನಿದ್ದೆ ಸರಿಯಿಲ್ಲ, ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಗಾಬರಿ ಆಗುತ್ತದೆ. ಕನ್ನಡದಲ್ಲಿ ವಿಡಿಯೋ ಸೆಷನ್ ಬೇಕು. ಸಂಜೆ ಏಳರ ಮೇಲೆ ಅಥವಾ ಭಾನುವಾರ ಸಮಯ ಇದೆಯೇ? ನಿಮ್ಮ ಓದು, ನೋಂದಣಿ ಸಂಖ್ಯೆ, ಫೀಸು ದಯವಿಟ್ಟು ತಿಳಿಸಿ.”

ಕಂಪನಿಯ ಹೆಸರು, ಮ್ಯಾನೇಜರ್ ಹೆಸರು ಈ ಮೆಸೇಜಿನಲ್ಲಿ ಬೇಡ. ಇಡೀ ಕಥೆಯೂ ಬೇಡ.

ಕೆಲವರು ಹತ್ತು ಹದಿನೈದು ನಿಮಿಷ ಉಚಿತವಾಗಿ ಮಾತಾಡುತ್ತಾರೆ. ಆಗ ಕೆಲಸದ ಜಾಗದ ತೊಂದರೆ ಇರುವವರನ್ನು ಮೊದಲು ನೋಡಿದ್ದಾರಾ ಕೇಳಿ. ಯಾವ ವಿಧಾನ ಅನುಸರಿಸುತ್ತಾರೆ ಕೇಳಿ. ಸಿಬಿಟಿ ಅನ್ನುವ ಹೆಸರು ಹೆಚ್ಚಾಗಿ ಕೇಳಿಸುತ್ತದೆ. ಒಂದು ಘಟನೆ ನಡೆದಾಗ ತಕ್ಷಣ ಬರುವ ಯೋಚನೆ ಯಾವುದು, ಅದು ನಿಜವೇ, ಅದರಿಂದ ನಾವು ಹೇಗೆ ನಡೆದುಕೊಳ್ಳುತ್ತೇವೆ ಅಂತ ಹಂತ ಹಂತವಾಗಿ ನೋಡಿ ಬದಲಿಸುವ ವಿಧಾನ ಅದು. ಮನೆಗೆ ಅಭ್ಯಾಸವನ್ನೂ ಕೊಡುತ್ತಾರೆ. ಎಷ್ಟು ಸೆಷನ್ ಆದ ಮೇಲೆ ನಾವಿಬ್ಬರೂ ಕೂತು ಪ್ರಯೋಜನ ಆಗುತ್ತಿದೆಯಾ ಅಂತ ನೋಡೋಣ, ಅಂತಲೂ ಕೇಳಿ.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಮಾತಾಡುವವರಿಗೂ ಅಳು, ಸಿಟ್ಟು ಬರುವುದು ಮನೆಯ ಮಾತಿನಲ್ಲೇ ಅಲ್ವಾ? ಕನ್ನಡ ಬಂದರಷ್ಟೇ ಸಾಲದು, ನಿಮ್ಮ ಬದುಕಿನ ಲೆಕ್ಕಾಚಾರವೂ ಅವರಿಗೆ ಅರ್ಥವಾಗಬೇಕು. “ಕೆಲಸ ಬಿಡು ಅಂತ ಎಲ್ಲರೂ ಹೇಳ್ತಾರೆ, ಆದರೆ ತಂಗಿ ಮದುವೆಗೆ ಮಾಡಿದ ಸಾಲ ಇದೆ, ಅಪ್ಪನಿಗೆ ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ” ಅಂದಾಗ ಅದನ್ನು ನೆಪ ಅಂತ ತಿಳಿಯದವರು ಬೇಕು.

ಈ ಮಾತುಗಳು ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ: “ಮೂರು ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ ಗುಣ.” “ಇವತ್ತೇ ಇಪ್ಪತ್ತು ಸೆಷನ್ ಪ್ಯಾಕೇಜ್ ತಗೊಂಡ್ರೆ ಅರ್ಧ ಬೆಲೆ.” “ನಿಮ್ಮ ಜಾತಕ ಕಳಿಸಿ.” “ಮಾತ್ರೆ ಎಲ್ಲಾ ಇವತ್ತೇ ನಿಲ್ಲಿಸಿಬಿಡಿ.” ಕೊನೆಯದು ಬಹಳ ಅಪಾಯ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಬರೆದುಕೊಟ್ಟ ಡಾಕ್ಟರ್ ಹೇಳಿದಂತೆ ಮಾತ್ರ. ಬೇರೆ ಪೇಷೆಂಟ್‌ಗಳ ಕಥೆಯನ್ನು ಗುರುತು ಸಿಗುವಂತೆ ಹೇಳುವವರೂ ಬೇಡ. ನಾಳೆ ನಿಮ್ಮ ಕಥೆಯೂ ಹೀಗೇ ಹೊರಗೆ ಬೀಳುತ್ತದೆ.

ಹಂತ 6: ಖರ್ಚು

ಖಾಸಗಿಯಲ್ಲಿ ಒಂದು ಸೆಷನ್‌ಗೆ ಸಾವಿರದ ಆಸುಪಾಸಿನಿಂದ ಹಿಡಿದು ಎರಡು, ಮೂರು ಸಾವಿರದವರೆಗೂ ಕೇಳುವವರಿದ್ದಾರೆ. ಫೀಸು ಜಾಸ್ತಿ ಇದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿರುತ್ತದೆ ಅಂತ ಏನಿಲ್ಲ. ಆದಾಯ ನೋಡಿ ಫೀಸು ಕಮ್ಮಿ ಮಾಡುವವರೂ ಇದ್ದಾರೆ, ಕೇಳಿ ನೋಡಿ. ಪ್ರತಿ ವಾರ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಆಗುತ್ತದಾ ಅಂತ ವಿಚಾರಿಸಿ. ರಸೀದಿ ತಪ್ಪದೆ ತಗೊಳ್ಳಿ.

ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ಸೇರಿದ ಖರ್ಚನ್ನು ಮಾತ್ರ ಕೊಡುತ್ತವೆ. ಹೊರರೋಗಿ ವಿಭಾಗದ ಖರ್ಚು ಅಂದರೆ ಒಪಿಡಿ ನಿಮ್ಮ ಪಾಲಿಸಿಯಲ್ಲಿ ಇದೆಯಾ ನೋಡಿಕೊಳ್ಳಿ.

ಹಂತ 7: ಜಾಗ, ಫೋನು, ನೆಟ್ಟು

ಆನ್‌ಲೈನ್ ಥೆರಪಿ ಕೆಡುವುದು ಹೆಚ್ಚಾಗಿ ಇಲ್ಲಿ. ಥೆರಪಿಸ್ಟ್ ಒಳ್ಳೆಯವರೇ ಇರುತ್ತಾರೆ, ಆದರೆ ನಿಮಗೆ ಬಾಯಿ ಬಿಡುವುದಕ್ಕೆ ಜಾಗ ಇರುವುದಿಲ್ಲ. ಪಕ್ಕದ ರೂಮಿನಲ್ಲಿ ಅತ್ತೆ, ಹಾಲ್‌ನಲ್ಲಿ ಸೀರಿಯಲ್, ಬಾಗಿಲು ಹಾಕಿಕೊಂಡರೆ “ಯಾರ ಜೊತೆ ಮಾತು?” ಅನ್ನುವ ಪ್ರಶ್ನೆ.

ಮೊದಲ ನಿಯಮ: ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್, ಆಫೀಸಿನ ವೈಫೈ ಮೂರೂ ಬೇಡ. ಕಂಪನಿಯ ಯಂತ್ರದಲ್ಲಿ ನೀವು ಮಾಡುವುದನ್ನು ಕಂಪನಿ ನೋಡುವ ಸಾಧ್ಯತೆ ಇರುತ್ತದೆ. ಆಫೀಸಿನ ಕ್ಯಾಲೆಂಡರಿನಲ್ಲಿ “ಥೆರಪಿ” ಅಂತ ಬರೆದು ಇಡೀ ಟೀಮಿಗೆ ಕಾಣಿಸುವುದೂ ಬೇಡ. ನಿಮ್ಮದೇ ಫೋನ್, ನಿಮ್ಮದೇ ಡೇಟಾ, ನಿಮ್ಮದೇ ಮೇಲ್ ಐಡಿ ಬಳಸಿ. ಮನೆಯವರು ಫೋನ್ ನೋಡುತ್ತಾರೆ ಅನ್ನುವ ಭಯ ಇದ್ದರೆ ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಮೆಸೇಜ್ ಮಾಡಬೇಕು ಅಂತ ಥೆರಪಿಸ್ಟ್‌ಗೆ ಮೊದಲೇ ಹೇಳಿಬಿಡಿ.

ಜಾಗಕ್ಕೆ ನಾಲ್ಕು ಉಪಾಯ ಇವೆ. ಮಹಡಿ ಮೇಲೆ, ಸಂಜೆ ಹೊತ್ತು. ಕಾರಿದ್ದರೆ ಕಾರಿನಲ್ಲಿ ಕೂತು, ಗಾಜು ಏರಿಸಿ, ಗಾಡಿ ನಿಲ್ಲಿಸಿಕೊಂಡು. ಗೆಳತಿಯದೋ ಗೆಳೆಯನದೋ ಖಾಲಿ ರೂಮು. ಇಲ್ಲವೇ ಮನೆಯವರೆಲ್ಲ ದೇವಸ್ಥಾನಕ್ಕೋ ಮಾರ್ಕೆಟ್ಟಿಗೋ ಹೋಗುವ ಹೊತ್ತಿಗೇ ಸೆಷನ್ ಇಟ್ಟುಕೊಳ್ಳುವುದು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಮಾತಾಡುತ್ತೇನೆ ಅನ್ನುವವರಿದ್ದಾರೆ. ಫೋನಿನಲ್ಲಿ ಗೆಳೆಯರ ಜೊತೆಗಾದರೆ ಸರಿ, ಸೆಷನ್‌ಗೆ ಬೇಡ. ಬೆಳಿಗ್ಗೆ ಸಂಜೆ ಅಲ್ಲಿ ಅರ್ಧ ಮೈಸೂರು ಸಿಗುತ್ತದೆ, ಅಳು ಬಂದರೆ ಕಷ್ಟ. ರೈಲಿನಲ್ಲಂತೂ ಬೇಡವೇ ಬೇಡ. ಎದುರಿನ ಸೀಟಿನವರು ಕೇಳಿಸಿಕೊಳ್ಳುತ್ತಾರೆ, ಸಿಗ್ನಲ್ಲೂ ಹೋಗಿ ಬಂದು ಮಾಡುತ್ತದೆ. “ನನಗೆ ಸಾಯಬೇಕು ಅನ್ನಿಸ್ತಿದೆ” ಅನ್ನುವ ಹೊತ್ತಿಗೆ ಕರೆ ಕಟ್ ಆದರೆ ಆ ಕಡೆ ಇರುವವರ ಗತಿ ಯೋಚಿಸಿ.

ಇದೇ ಕಾರಣಕ್ಕೆ ಒಳ್ಳೆಯ ಥೆರಪಿಸ್ಟ್ ಶುರುವಿನಲ್ಲೇ ನೀವು ಈಗ ಎಲ್ಲಿದ್ದೀರಿ, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳುತ್ತಾರೆ. ಅನುಮಾನ ಪಡಬೇಡಿ, ನಂಬಿಕೆಯ ಒಬ್ಬರ ಹೆಸರು ಕೊಡಿ. ಕರೆ ಕಟ್ ಆದರೆ ಯಾರು ಯಾರಿಗೆ ವಾಪಸ್ ಮಾಡುವುದು ಅನ್ನುವುದೂ ಮೊದಲೇ ಮಾತಾಗಲಿ. ಇಯರ್‌ಫೋನ್ ಹಾಕಿಕೊಳ್ಳಿ. ಆ ಕಡೆಯ ಮಾತಾದರೂ ಬೇರೆಯವರಿಗೆ ಕೇಳಿಸುವುದಿಲ್ಲ.

ನೆಟ್ ಸರಿಯಿಲ್ಲದ ಹಳ್ಳಿಯಾದರೆ ವಿಡಿಯೋ ಬಿಟ್ಟು ಬರಿ ಫೋನ್ ಕರೆಯಲ್ಲೂ ಸೆಷನ್ ಮಾಡಬಹುದು. ಮುಖ ಕಾಣದೆ ಏನು ಥೆರಪಿ ಅಂತ ಮೂಗು ಮುರಿಯುವವರಿಗೆ ಒಂದು ಹಳೆಯ ಮಾತು ನೆನಪಿಸಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿ, ಆಕಾಶವಾಣಿ ಅನ್ನುವ ಹೆಸರು ಚಾಲ್ತಿಗೆ ಬರಲು ಕಾರಣರಾದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನ ಸೈಕಾಲಜಿ ಪ್ರೊಫೆಸರು. ಬರೀ ದನಿಯನ್ನು ಅಷ್ಟು ಹಗುರವಾಗಿ ತೆಗೆದುಹಾಕುವ ಊರಲ್ಲ ನಮ್ಮದು.

ಹಂತ 8: ಮೊದಲ ಕೆಲವು ಸೆಷನ್, ಆಮೇಲೆ ತೀರ್ಮಾನ

ಮೊದಲ ಸೆಷನ್ ಹೆಚ್ಚಾಗಿ ಪ್ರಶ್ನೆಗಳಲ್ಲೇ ಮುಗಿಯುತ್ತದೆ. ಮನೆ, ಆರೋಗ್ಯ, ನಿದ್ದೆ, ಹಿಂದಿನ ಕೆಲಸ. “ಏನೂ ಹೇಳಲೇ ಇಲ್ಲ, ಬರೀ ಕೇಳಿದ್ರು” ಅಂತ ಅವತ್ತೇ ಬಿಡಬೇಡಿ. ಹಂತ ಒಂದರಲ್ಲಿ ಬರೆದ ಹಾಳೆ ಪಕ್ಕದಲ್ಲಿರಲಿ, ಬಲಗಡೆಯ ಪಟ್ಟಿ ಓದಿ ಹೇಳಿದರೂ ಸಾಕು. ಕೆಲವರಿಗೆ ಸೆಷನ್ ಆದ ದಿನ ಮನಸ್ಸು ಇನ್ನೂ ಭಾರ ಅನ್ನಿಸಬಹುದು. ಸಾಧ್ಯವಾದರೆ ಆಮೇಲೆ ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ. ತಕ್ಷಣ ಟೀಮ್ ಮೀಟಿಂಗಿಗೆ ಕೂರಬೇಡಿ.

ಮೂರು ನಾಲ್ಕು ಸೆಷನ್ ಆದ ಮೇಲೆ ನೋಡಿ. ಅವರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಲು ಆಗುತ್ತಿದೆಯಾ? ಏನು ಬದಲಾಗಬೇಕು ಅನ್ನುವ ಗುರಿ ಇಬ್ಬರಿಗೂ ಗೊತ್ತಿದೆಯಾ? ದಿನದಲ್ಲಿ ಒಂದಾದರೂ ಸಣ್ಣ ವ್ಯತ್ಯಾಸ ಕಾಣುತ್ತಿದೆಯಾ? ಇಲ್ಲ ಅಂದರೆ ಅದನ್ನು ಅವರಿಗೇ ಹೇಳಿ. ಆಗಲೂ ಸರಿಯಾಗದಿದ್ದರೆ ಬೇರೆಯವರನ್ನು ನೋಡಿ. ಸಂಕೋಚಕ್ಕೆ ಮುಂದುವರಿಸಿ ದುಡ್ಡು ಕಳೆಯುವುದು, ಇಲ್ಲ ಹೇಳದೆ ಕೇಳದೆ ಮಾಯವಾಗುವುದು, ನಮ್ಮವರು ಮಾಡುವುದು ಇವೆರಡೇ. “ನನಗೆ ಹೊಂದುತ್ತಿಲ್ಲ ಅನ್ನಿಸುತ್ತಿದೆ, ಬೇರೆ ಯಾರನ್ನಾದರೂ ಸೂಚಿಸುತ್ತೀರಾ?” ಅಂತ ಕೇಳಿದರೆ ತಪ್ಪೇನಿಲ್ಲ. ಕೆಲಸ ಬಿಡಿ ಅಂತಲೋ, ಸಹಿಸಿಕೊಂಡಿರಿ ಅಂತಲೋ ಎರಡನೇ ಸೆಷನ್‌ಗೇ ತೀರ್ಪು ಕೊಡುವವರಿದ್ದರೆ ಬದಲಿಸಿ. ಆ ತೀರ್ಮಾನ ನಿಮ್ಮದು.

ಆನ್‌ಲೈನ್ ಮನೋವೈದ್ಯರಿಂದ ಮಾತ್ರೆ ಬರೆಸಿಕೊಂಡರೆ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಹಾಗೆ ಹೇಳುತ್ತದೆ. ಚಟ ಹಿಡಿಸುವ ಕೆಲವು ಬಗೆಯ ಮಾತ್ರೆಗಳನ್ನು ಆನ್‌ಲೈನ್‌ನಲ್ಲಿ ಬರೆಯುವುದಕ್ಕೆ ಅದರಲ್ಲಿ ನಿರ್ಬಂಧವೂ ಇದೆ. “ನಿದ್ದೆ ಮಾತ್ರೆ ಬರೆದುಕೊಡಿ” ಅಂದಾಗ ಡಾಕ್ಟರ್ ಒಪ್ಪದಿದ್ದರೆ ಜಗಳ ಆಡಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಪರಿಚಯದವರ ಹತ್ತಿರ ಸುಮ್ನೆ ಕೇಳಿ ತಗೊಳ್ಳುವುದಂತೂ ಬೇಡ.

ಆನ್‌ಲೈನ್ ಸಾಲದಾದಾಗ

ಇಲ್ಲದ ದನಿ ಕೇಳಿಸುತ್ತಿದ್ದರೆ, ಎಲ್ಲರೂ ನನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವುದು ಆಫೀಸು ದಾಟಿ ಬೀದಿಯವರೆಗೆ ಹಬ್ಬಿದ್ದರೆ, ಕುಡಿತ ಬಿಟ್ಟ ತಕ್ಷಣ ಕೈ ನಡುಕ ಬರುತ್ತಿದ್ದರೆ, ಊಟ ನಿದ್ದೆ ಪೂರ್ತಿ ನಿಂತಿದ್ದರೆ ಎದುರಿಗೇ ಹೋಗಿ ತೋರಿಸಬೇಕು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆಯಲ್ಲಿ, ಮಂಡ್ಯದಲ್ಲಿ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ತಾಲ್ಲೂಕಿನವರಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಇದೆ. ಅದರಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಈ ವಾರ ಬರುತ್ತಾರಾ ಅಂತ ಆಸ್ಪತ್ರೆಗೆ ಸೋಮವಾರವೇ ಫೋನ್ ಮಾಡಿ ಕೇಳಿಕೊಳ್ಳಿ. ಹಳೆಯ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪು ಜೊತೆಗಿರಲಿ. ಒಪಿಡಿ ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.